ಮಧುಮೇಹದ ಎರಡು ಅಪಾಯಗಳು

ನಂದಿಬೆಟ್ಟವು ನಮ್ಮ ಶ್ರೋತೃಗಳಲ್ಲಿ ಬಹುಮಂದಿಗೆ ಪರಿಚಿತವಾದ ಸ್ಥಳ. ಸಮುದ್ರಮಟ್ಟದಿಂದ ಸುಮಾರು ೪,೮೫೦ ಅಡಿ ಎತ್ತರದಲ್ಲಿರುವ ಈ ಗಿರಿಯ ತಂಪುಗಾಳಿಯನ್ನೂ ಸೂರ್ಯೋದಯವನ್ನೂ ಬಯಸಿ ವರ್ಷವೆಲ್ಲ ಜನರು ಬರುತ್ತಿರುತ್ತಾರೆ. ಈ ದಿನ ನಾವು ಹೇಳಬೇಕೆಂದಿರುವುದು ಮಧುಮೇಹವೆಂಬ ವ್ಯಾಧಿಯಲ್ಲಿ ಒದಗುವ ಎರಡು ತುರ್ತಾದ ಅಪಾಯಗಳ ವಿಚಾರ. ಆದರೂ ಬೆಟ್ಟದಿಂದಲೇ ಆರಂಭಿಸುವುದಕ್ಕೆ ಕಾರಣವುಂಟು. ಅವುಗಳಲ್ಲಿ ಒಂದನ್ನು ನಾವು ಕಣ್ಣಾರೆ ಕಂಡದ್ದು ಅಲ್ಲಿಯೇ. ಕಂಡೂ ಗುರುತಿಸಲಾರದೆ ಹೋದದ್ದೂ ಅಲ್ಲಿಯೇ.

ಕೆಲವು ವರ್ಷಗಳ ಹಿಂದೆ, ಮಾರ್ಗಶಿರ ಮಾಸದ ಒಂದು ಮುಂಜಾನೆ, ನಾವು ನಾಲ್ವರು ಅಧ್ಯಾಪಕರು ಸುಲ್ತಾನ್‌ಪೇಟೆಯ ಕಡೆಯಿಂದ ಮೆಟ್ಟಿಲುಗಳ ದಾರಿಯಲ್ಲಿ ಬೆಟ್ಟವನ್ನು ಹತ್ತುತ್ತಿದ್ದೆವು. ನಮ್ಮಲ್ಲೊಬ್ಬರು ಹಲವು ವರ್ಷಗಳಿಂದ ಮಧುಮೇಹಿಗಳು. ಬೆಳಿಗ್ಗೆ ಐದು ಗಂಟೆಗೆ ವಾಡಿಕೆಯಂತೆ ಇನ್ಸುಲಿನ್ ಸೂಜಿಯನ್ನು ಚುಚ್ಚಿಕೊಂಡು, ಉಪಾಹಾರವನ್ನು ಮೇಲೆ ಹೋಗಿ ಮಾಡಿದರಾಯಿತೆಂದು ಹೊರಟಿದ್ದರು. ಅರ್ಧ ದಾರಿಯಲ್ಲಿ ಅವರ ಮಾತು ಕಡಿಮೆಯಾಯಿತು. ಬಳಿಕ, ಸ್ವಭಾವತಃ ಸೌಮ್ಯರಾದ ಅವರು ನಮ್ಮ ಮೇಲೆ ಸಿಡುಕತೊಡಗಿದರು. ಮಂಜು ಮುಸುಕಿದ ಆ ಚಳಿಯಲ್ಲಿ ಅವರ ಅಂಗಿಯು ಬೆವರಿನಿಂದ ತೊಯ್ದುಹೋಗಿದ್ದಿತು. ಒಂದು ಮೆಟ್ಟಿಲಿನ ಮೇಲೆ ಕುಳಿತು, ಕೇಳಿದ ಪ್ರಶ್ನೆಗೆ ಸಂಬಂಧವಿಲ್ಲದ ಉತ್ತರವನ್ನು ಕೊಟ್ಟರು. ನಾವಾದರೋ, ಎಂ.ಎ. ಪದವೀಧರರಾದ ಮೂವರು, ಆಯಾಸವಾಗಿರಬೇಕೆಂದು ಒಬ್ಬರು, ನಿದ್ರೆ ಸಾಲದೆಂದು ಒಬ್ಬರು, ಸುಮ್ಮನೆ ಹಟಮಾಡುತ್ತಿದ್ದಾರೆಂದು ಮತ್ತೊಬ್ಬರು ತೀರ್ಮಾನಿಸಿದೆವು. ಹಟವೆಂದು ಹೇಳಿ ಅವರನ್ನು ಗದರಿಸಿದವರು ಈಗ ಮಾತನಾಡುತ್ತಿರುವ ನಾವೇ.

ಅಷ್ಟರಲ್ಲಿ ಸೀಬೆಹಣ್ಣಿನ ಬುಟ್ಟಿಯನ್ನು ಹೊತ್ತು ಮೇಲಕ್ಕೆ ಹೋಗುತ್ತಿದ್ದ ಹೆಂಗಸೊಬ್ಬಳು ನಿಂತು, ಅವರ ಮುಖವನ್ನು ನೋಡಿ, “ಯಾಕ್ ಸಾಮಿ, ಇವ್ರಿಗೆ ಶುಗರ್ ಐತಾ?” ಎಂದು ಕೇಳಿದಳು. ಹೌದೆಂದೆವು. “ನಮ್ಮ ಯಜಮಾನ್ರಿಗೂ ಹಿಂಗೇ ಆಗ್ತದೆ, ಬಿರ್‍ನೆ ಸಕ್ಕರೆ ಕೊಡಿ” ಎಂದಳು. ನಮ್ಮ ಚೀಲದಲ್ಲಿ ಚಹಕ್ಕೆಂದು ತಂದಿದ್ದ ಸಕ್ಕರೆಯಿದ್ದಿತು. ಅದನ್ನು ನೀರಿನಲ್ಲಿ ಕಲಸಿ ಕುಡಿಸಿದೆವು. ಕಾಲು ಗಂಟೆಯೊಳಗೆ ನಮ್ಮ ಮಿತ್ರರು ಕಣ್ಣರಳಿಸಿ, “ಏನಾಯಿತು? ಏಕೆ ಎಲ್ಲರೂ ನಿಂತಿದ್ದೀರಿ?” ಎಂದು ಕೇಳಿದರು. ಗದರಿಸಿದ ಮಾತು ಅವರಿಗೆ ನೆನಪಿರಲಿಲ್ಲ. ನಮಗೆ ಮರೆತಿಲ್ಲ.

ಎರಡನೆಯ ಪ್ರಸಂಗವು ಇದಕ್ಕೆ ತದ್ವಿರುದ್ಧವಾದುದು. ಶಿಡ್ಲಘಟ್ಟದ ಸಮೀಪದ ಹಳ್ಳಿಯಿಂದ ಬರುತ್ತಿದ್ದ ನಮ್ಮ ವಿದ್ಯಾರ್ಥಿಯೊಬ್ಬನಿಗೆ ಬಾಲ್ಯದಿಂದಲೂ ಮಧುಮೇಹ. ಮನೆಯವರು ರೇಷ್ಮೆಹುಳು ಸಾಕುವವರು. ಹುಳು ಹಣ್ಣಾಗುವ ದಿನಗಳಲ್ಲಿ ಅಂತಹ ಮನೆಗಳಲ್ಲಿ ಯಾರಿಗೂ ಹೊತ್ತಿಗೆ ಸರಿಯಾಗಿ ಊಟವಾಗಲಿ ನಿದ್ರೆಯಾಗಲಿ ಇರುವುದಿಲ್ಲ. ಅಂತಹ ಸಮಯದಲ್ಲಿಯೇ ಹುಡುಗನಿಗೆ ಜ್ವರ ಬಂದು ವಾಂತಿಯಾಯಿತು. ಒಂದು ತುತ್ತೂ ಸೇರಲಿಲ್ಲ. ಅಜ್ಜಿಯು ಮೊಮ್ಮಗನ ಮೇಲಿನ ಮಮತೆಯಿಂದ, “ಹೊಟ್ಟೆಗೇನೂ ಇಲ್ಲದ ಮಗುವಿಗೆ ಸೂಜಿ ಯಾಕಪ್ಪಾ, ಬೇಡ” ಎಂದಳು. ಎಲ್ಲರಿಗೂ ಅದು ಯುಕ್ತವೆಂದು ತೋರಿತು. ಎರಡು ದಿನ ಇನ್ಸುಲಿನ್ ನಿಂತಿತು. ಮೂರನೆಯ ದಿನ ಹುಡುಗನು ಓಡಿಬಂದವನಂತೆ ಆಳವಾಗಿ, ಎಡೆಬಿಡದೆ ಉಸಿರೆಳೆಯುತ್ತಿದ್ದನು, ಬಾಯಿಂದ ಕೊಳೆತ ಹಣ್ಣಿನ ವಾಸನೆ ಬರುತ್ತಿದ್ದಿತು, ಕರೆದರೆ ಓಗೊಡುತ್ತಿರಲಿಲ್ಲ. ಆಸ್ಪತ್ರೆಗೆ ಸಾಗಿಸಿದಾಗ ರಕ್ತದ ಸಕ್ಕರೆ ಐನೂರನ್ನು ಮೀರಿದ್ದಿತು. ಅವನು ಬದುಕಿಕೊಂಡನು. ಇನ್ನೊಂದು ರಾತ್ರಿ ತಡಮಾಡಿದ್ದರೆ ಬದುಕುತ್ತಿರಲಿಲ್ಲವೆಂದು ವೈದ್ಯರು ತಂದೆಗೆ ಹೇಳಿದರು.

ಬೆಟ್ಟದ ಮೇಲೆ ನಮ್ಮ ಮಿತ್ರರೂ ಊಟಮಾಡಿರಲಿಲ್ಲ. ಹಳ್ಳಿಯಲ್ಲಿ ಈ ಹುಡುಗನೂ ಊಟಮಾಡಿರಲಿಲ್ಲ. ಒಬ್ಬರ ಸಕ್ಕರೆ ಪಾತಾಳಕ್ಕಿಳಿಯಿತು, ಇನ್ನೊಬ್ಬನದು ಆಕಾಶಕ್ಕೇರಿತು. ಊಟಮಾಡದವನ ರಕ್ತದಲ್ಲಿ ಸಕ್ಕರೆ ಏರಿದ್ದು ಎಲ್ಲಿಂದ? ಈ ಪ್ರಶ್ನೆಗೆ ಉತ್ತರವು ತಿಳಿದರೆ ಮಧುಮೇಹದ ಮರ್ಮದಲ್ಲಿ ಮುಕ್ಕಾಲು ಪಾಲು ತಿಳಿದಂತೆ.

ಮೊದಲು ಪ್ರಮಾಣವನ್ನು ನೋಡೋಣ. ಪ್ರಾಯದ ಮನುಷ್ಯನ ದೇಹದಲ್ಲಿ ಸುಮಾರು ೫ ಲೀಟರು ರಕ್ತವಿರುತ್ತದೆ. ಆರೋಗ್ಯವಂತನಲ್ಲಿ, ಬೆಳಗಿನ ಆಹಾರಕ್ಕೆ ಮುಂಚೆ, ನೂರು ಮಿಲಿಲೀಟರು ರಕ್ತದಲ್ಲಿರುವ ಗ್ಲೂಕೋಸು ೭೦ರಿಂದ ೧೦೦ ಮಿಲಿಗ್ರಾಮಿನಷ್ಟು. ಒಟ್ಟು ಲೆಕ್ಕ ಹಾಕಿದರೆ ಇಡೀ ದೇಹದ ರಕ್ತದಲ್ಲಿ ಹರಿದಾಡುತ್ತಿರುವ ಸಕ್ಕರೆಯು ಹೆಚ್ಚೆಂದರೆ ೫ ಗ್ರಾಂ, ಅಂದರೆ ಚಹದ ಒಂದು ಚಮಚ. ಅದು ಅರ್ಧ ಚಮಚಕ್ಕಿಳಿದರೆ ಬುದ್ಧಿ ಕದಡುತ್ತದೆ. ನಾಲ್ಕೈದು ಚಮಚಕ್ಕೇರಿ ನಿಂತರೆ ದೇಹವು ಒಣಗತೊಡಗುತ್ತದೆ. ಇಷ್ಟು ಕಿರಿದಾದ ಅಂತರದಲ್ಲಿ ಪ್ರಕೃತಿಯು ನಮ್ಮನ್ನು ಹಗಲಿರುಳೂ ನಡೆಸಿಕೊಂಡು ಬರುತ್ತಿದೆ.

ಇದನ್ನು ಸಾಧಿಸುವ ಬಗೆಯನ್ನು ನಮ್ಮ ಸೀಮೆಯ ಹಗೇವಿನ ದೃಷ್ಟಾಂತದಿಂದ ವಿವರಿಸಬಹುದು. ಹಿಂದಿನ ಕಾಲದಲ್ಲಿ ಈ ಭಾಗದ ರೈತರು ಸುಗ್ಗಿಯ ರಾಗಿಯನ್ನು ನೆಲದೊಳಗಿನ ಹಗೇವಿನಲ್ಲಿ ತುಂಬಿ ಬಾಯಿ ಮುಚ್ಚುತ್ತಿದ್ದರು. ಅಭಾವದ ದಿನಗಳಲ್ಲಿ ತೆರೆಯುತ್ತಿದ್ದರು. ನಮ್ಮ ದೇಹದ ಹಗೇವು ಯಕೃತ್ತು. ಉಂಡ ಅನ್ನವು ಸಕ್ಕರೆಯಾಗಿ ರಕ್ತಕ್ಕೆ ಬಂದಾಗ ಒಂದು ಪಾಲು ಯಕೃತ್ತಿನಲ್ಲಿ ಗ್ಲೈಕೋಜನ್ ಎಂಬ ರೂಪದಲ್ಲಿ ಶೇಖರವಾಗುತ್ತದೆ. ರಾತ್ರಿಯ ನಿದ್ರೆಯಲ್ಲಿಯೂ ಉಪವಾಸದಲ್ಲಿಯೂ ಅದು ಕರಗಿ ಪುನಃ ರಕ್ತಕ್ಕೆ ಬರುತ್ತದೆ. ಇದಲ್ಲದೆ ಮಾಂಸಖಂಡಗಳ ಸಾರದಿಂದ ಹೊಸದಾಗಿ ಸಕ್ಕರೆಯನ್ನು ತಯಾರಿಸುವ ಶಕ್ತಿಯೂ ಯಕೃತ್ತಿಗೆ ಉಂಟು. ಈ ಹಗೇವನ್ನು ಮುಚ್ಚುವ ಆಜ್ಞೆ, ಮತ್ತು ರಕ್ತದ ಸಕ್ಕರೆಯನ್ನು ಸ್ನಾಯುಗಳೊಳಕ್ಕೆ ಬಿಡುವ ಆಜ್ಞೆ, ಇವೆರಡೂ ಇನ್ಸುಲಿನ್ನಿನವು. ಜಠರದ ಹಿಂದೆ ಅಡಗಿರುವ ಮೇದೋಜೀರಕ ಗ್ರಂಥಿಯು ಅದನ್ನು ಹೊತ್ತುಹೊತ್ತಿಗೆ, ಬೇಕಾದಷ್ಟೇ, ಸ್ರವಿಸುತ್ತದೆ. ಹಗೇವನ್ನು ತೆರೆಯುವ ಆಜ್ಞೆಯು ಅದೇ ಗ್ರಂಥಿಯಿಂದ ಹೊರಡುವ ಗ್ಲೂಕಗಾನ್ ಎಂಬ ಇನ್ನೊಂದು ರಸದ್ದು.

ಈಗ ಶಿಡ್ಲಘಟ್ಟದ ಹುಡುಗನ ಸ್ಥಿತಿಯನ್ನು ಯೋಚಿಸಿರಿ. ಅವನ ಗ್ರಂಥಿಯಲ್ಲಿ ಇನ್ಸುಲಿನ್ ಹುಟ್ಟುವುದೇ ಇಲ್ಲ. ಸೂಜಿಯೂ ನಿಂತಾಗ ಹಗೇವನ್ನು ಮುಚ್ಚುವವರು ಯಾರೂ ಇಲ್ಲದಂತಾಯಿತು. ಸಾಲದುದಕ್ಕೆ ಜ್ವರ ಬಂದಾಗ ದೇಹವು ರೋಗದೊಡನೆ ಹೋರಾಡುವುದಕ್ಕಾಗಿ ಇನ್ನಷ್ಟು ಸಕ್ಕರೆಯನ್ನು ಹೊರಡಿಸುತ್ತದೆ. ಹೀಗೆ ಒಂದು ತುತ್ತನ್ನೂ ಉಣ್ಣದಿದ್ದರೂ ಯಕೃತ್ತಿನಿಂದ ಸಕ್ಕರೆಯು ಹರಿಯುತ್ತಲೇ ಇದ್ದಿತು. ಸ್ನಾಯುಗಳಿಗೆ ಮಾತ್ರ ಅದು ದಕ್ಕಲಿಲ್ಲ; ಒಳಕ್ಕೆ ಬಿಡುವ ಆಜ್ಞೆಯೇ ಇಲ್ಲವಲ್ಲ! ಹಸಿದ ದೇಹವು ಕೊಬ್ಬನ್ನು ಕರಗಿಸಿ ಉರಿಸತೊಡಗಿತು. ಆ ಉರಿಯಿಂದ ಹುಟ್ಟುವ ಕೀಟೋನ್ ಎಂಬ ಆಮ್ಲಗಳು ರಕ್ತದಲ್ಲಿ ತುಂಬಿದವು. ಅವನ ಆಳವಾದ ಉಸಿರು ಆ ಆಮ್ಲತೆಯನ್ನು ತಗ್ಗಿಸಲು ದೇಹವು ಮಾಡುತ್ತಿದ್ದ ಪ್ರಯತ್ನ. ಬಾಯಿಯ ಹಣ್ಣಿನ ವಾಸನೆಯು ಆ ಕೀಟೋನಿನದೇ. ಆದುದರಿಂದ ಊಟವಿಲ್ಲದ ದಿನವೂ ಇನ್ಸುಲಿನ್ ಬೇಕು. ಪ್ರಮಾಣವು ಬದಲಾಗಬಹುದು, ಅದನ್ನು ವೈದ್ಯರು ಹೇಳಬೇಕು. ಪೂರ್ತಿಯಾಗಿ ನಿಲ್ಲಿಸುವುದು ಮಾತ್ರ ಎಂದಿಗೂ ಸಲ್ಲದು.

ಅಜ್ಜಿಯನ್ನು ದೂಷಿಸಲು ನಮಗೆ ಮನಸ್ಸಿಲ್ಲ. ಇನ್ಸುಲಿನ್ನಿನ ಚರಿತ್ರೆಯೇ ಬಹಳ ಹಳೆಯದಲ್ಲ. ಮೂತ್ರವು ಸಿಹಿಯಾಗುವ ಈ ರೋಗವನ್ನು ಚರಕ ಸುಶ್ರುತರು ಬಲ್ಲವರಾಗಿದ್ದರು. ಆದರೆ ಮೇದೋಜೀರಕ ಗ್ರಂಥಿಯನ್ನು ತೆಗೆದುಹಾಕಿದ ನಾಯಿಗೆ ಮಧುಮೇಹವು ಬರುತ್ತದೆಂಬುದನ್ನು ಮಿಂಕೋವ್‌ಸ್ಕಿ ಮತ್ತು ಫಾನ್ ಮೇರಿಂಗ್ ಎಂಬ ವಿದ್ವಾಂಸರು ಕಂಡದ್ದು ೧೮೮೯ರಲ್ಲಿ. ಕೆನಡಾ ದೇಶದ ಟೊರಾಂಟೊ ನಗರದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಎಂಬುವರು ಆ ಗ್ರಂಥಿಯ ಸಾರವನ್ನು ಬೇರ್ಪಡಿಸಿದ್ದು ೧೯೨೧ರಲ್ಲಿ. ೧೯೨೨ನೆಯ ಇಸವಿ ಜನವರಿಯಲ್ಲಿ ಲಿಯೊನಾರ್ಡ್ ಥಾಂಪ್ಸನ್ ಎಂಬ ಹದಿನಾಲ್ಕು ವರ್ಷದ ಹುಡುಗನಿಗೆ ಅದನ್ನು ಮೊದಲು ಕೊಟ್ಟರು. ಮೊದಲ ಸಲ ಹೆಚ್ಚು ಫಲ ಕಾಣಲಿಲ್ಲ. ಕಾಲಿಪ್ ಎಂಬ ರಸಾಯನಜ್ಞರು ಶುದ್ಧಿಮಾಡಿದ ಸಾರವನ್ನು ಹನ್ನೆರಡು ದಿನಗಳ ಬಳಿಕ ಕೊಟ್ಟಾಗ ಹುಡುಗನು ಚೇತರಿಸಿಕೊಂಡನು. ಅದಕ್ಕೆ ಮುಂಚೆ ಇಂತಹ ಮಕ್ಕಳನ್ನು ಅರೆಹೊಟ್ಟೆಯಲ್ಲಿಟ್ಟು ಕೆಲವು ತಿಂಗಳೋ ವರ್ಷವೋ ಉಳಿಸಿಕೊಳ್ಳುವುದಲ್ಲದೆ ಬೇರೆ ಉಪಾಯವಿರಲಿಲ್ಲ. ಶಿಡ್ಲಘಟ್ಟದ ಹುಡುಗನಿಗೆ ಆದದ್ದು, ೧೯೨೨ಕ್ಕೆ ಹಿಂದೆ ಇಂತಹ ಎಲ್ಲ ಮಕ್ಕಳಿಗೂ ಆಗುತ್ತಿದ್ದುದೇ.

ಇನ್ನು ಬೆಟ್ಟದ ಮೇಲಿನ ಪ್ರಸಂಗ. ಆರೋಗ್ಯವಂತನು ಉಪವಾಸದಲ್ಲಿ ಬೆಟ್ಟವನ್ನು ಹತ್ತಿದರೆ ಅವನ ಗ್ರಂಥಿಯು ಇನ್ಸುಲಿನ್ನನ್ನು ತಾನೇ ಕಡಿಮೆಮಾಡುತ್ತದೆ, ಹಗೇವು ತೆರೆಯುತ್ತದೆ. ಸೂಜಿಯಿಂದ ಒಳಹೊಕ್ಕ ಇನ್ಸುಲಿನ್ನನ್ನಾದರೋ ಹಿಂದಕ್ಕೆ ಕರೆಯುವವರಿಲ್ಲ. ಅದು ತನ್ನ ಹೊತ್ತು ಮುಗಿಯುವವರೆಗೂ ಹಗೇವನ್ನು ಮುಚ್ಚಿಹಿಡಿದು, ಇದ್ದ ಸಕ್ಕರೆಯನ್ನು ಸ್ನಾಯುಗಳಿಗೆ ತಳ್ಳುತ್ತಲೇ ಇರುತ್ತದೆ. ಹತ್ತುವ ಶ್ರಮವೂ ಅದೇ ಕೆಲಸವನ್ನು ಮಾಡುತ್ತದೆ. ಎರಡೂ ಕೂಡಿದಾಗ ಆ ಒಂದು ಚಮಚವು ಬೇಗನೆ ಬರಿದಾಗುತ್ತದೆ.

ಸಕ್ಕರೆಯು ೭೦ಕ್ಕಿಂತ ಕೆಳಗಿಳಿದರೆ ಅದನ್ನು ಇಳಿತವೆಂದು ವೈದ್ಯರು ಎಣಿಸುತ್ತಾರೆ. ೫೪ಕ್ಕಿಂತ ಕೆಳಗಾದರೆ ಗಂಡಾಂತರ. ಮೊದಲು ಬರುವವು ಎಚ್ಚರಿಕೆಯ ಚಿಹ್ನೆಗಳು: ಬೆವರು, ಕೈನಡುಕ, ಎದೆಬಡಿತ, ತಡೆಯಲಾರದ ಹಸಿವು. ಆಮೇಲಿನವು ಮಿದುಳಿನ ಹಸಿವಿನ ಚಿಹ್ನೆಗಳು. ದೇಹದ ತೂಕದಲ್ಲಿ ಐವತ್ತರಲ್ಲೊಂದು ಪಾಲಿರುವ ಮಿದುಳು ದೇಹದ ಶಕ್ತಿಯಲ್ಲಿ ಐದರಲ್ಲೊಂದು ಪಾಲನ್ನು ಬಳಸುತ್ತದೆ; ಅದಕ್ಕೆ ಮುಖ್ಯ ಆಹಾರ ಗ್ಲೂಕೋಸು. ಅದು ಸಿಕ್ಕದಿದ್ದಾಗ ಸಿಡುಕು, ತೊದಲು, ಮಂಕು, ತಪ್ಪುಹೆಜ್ಜೆ. ಕಡೆಗೆ ಸೆಳವು, ಮೂರ್ಛೆ. ನೋಡುವವರಿಗೆ ಕುಡಿದವನಂತೆ ಕಾಣುವುದು ಆಶ್ಚರ್ಯವಲ್ಲ. ನಿಜವಾಗಿಯೂ ಮದ್ಯವನ್ನು ಸೇವಿಸಿದ ಮಧುಮೇಹಿಗೆ ಅಪಾಯವು ಇಮ್ಮಡಿ. ಯಕೃತ್ತು ಹೊಸದಾಗಿ ಸಕ್ಕರೆ ಮಾಡುವುದನ್ನು ಮದ್ಯವು ತಡೆಯುತ್ತದೆ. ಇಳಿತವು ಪದೇಪದೇ ಆಗುತ್ತಿದ್ದರೆ ಬೆವರು ನಡುಕಗಳೆಂಬ ಎಚ್ಚರಿಕೆಯ ಗಂಟೆಗಳೇ ಮೂಕವಾಗುತ್ತವೆ. ರೋಗಿಯು ಏನೂ ತಿಳಿಯದೆ ನೇರವಾಗಿ ಮಂಕಿಗೆ ಜಾರುತ್ತಾನೆ. ನಮ್ಮ ಮಿತ್ರರಿಗೆ ಆದದ್ದು ಬಹುಶಃ ಹೀಗೆಯೇ. ನಿದ್ರೆಯಲ್ಲಿ ಆಗುವ ಇಳಿತವು ಕೆಟ್ಟ ಕನಸು, ತೊಯ್ದ ಹಾಸಿಗೆ, ಬೆಳಗಿನ ತಲೆನೋವುಗಳಿಂದ ತಿಳಿದುಬರುತ್ತದೆ. ದೀರ್ಘಶ್ರಮದ ಪರಿಣಾಮವು ಒಂದು ದಿನದವರೆಗೂ ಉಳಿಯಬಹುದಾದುದರಿಂದ, ಬೆಟ್ಟ ಹತ್ತಿದ ರಾತ್ರಿಯಲ್ಲಿಯೂ ಎಚ್ಚರವಿರಬೇಕು.

ಇದಕ್ಕೆ ಮಾಡತಕ್ಕ ಉಪಚಾರವು ಸುಲಭ. ಪ್ರಜ್ಞೆಯಿದ್ದು ನುಂಗಬಲ್ಲವನಾಗಿದ್ದರೆ ಸುಮಾರು ೧೫ ಗ್ರಾಂ ಸಕ್ಕರೆ, ಎಂದರೆ ಚಹದ ಮೂರು ಚಮಚ, ನೀರಿನಲ್ಲಿ ಕಲಸಿ ಕೊಡಬೇಕು. ಗ್ಲೂಕೋಸು ಪುಡಿಯಿದ್ದರೆ ಇನ್ನೂ ಉತ್ತಮ. ೧೫ ನಿಮಿಷಗಳಾದ ಮೇಲೆ ಪರೀಕ್ಷಿಸಿ, ೭೦ಕ್ಕೆ ಏರದಿದ್ದರೆ ಮತ್ತೊಮ್ಮೆ ಕೊಡಬೇಕು. ಬಳಿಕ ಸ್ವಲ್ಪ ಆಹಾರ. ಪೇಡ, ಚಾಕೊಲೇಟುಗಳಲ್ಲಿ ಕೊಬ್ಬಿರುವುದರಿಂದ ಅವು ನಿಧಾನ. ವೋಗ್ಲಿಬೋಸ್, ಅಕಾರ್ಬೋಸ್ ಎಂಬ ಗುಳಿಗೆಗಳನ್ನು ಸೇವಿಸುವವರಿಗೆ ಸಾಮಾನ್ಯ ಸಕ್ಕರೆಯು ಬೇಗನೆ ಹತ್ತುವುದಿಲ್ಲ. ಅವರಿಗೆ ಗ್ಲೂಕೋಸೇ ಆಗಬೇಕು. ಪ್ರಜ್ಞೆ ತಪ್ಪಿದವನ ಬಾಯಿಗೆ ಏನನ್ನೂ ಹಾಕಕೂಡದು. ಅದು ಶ್ವಾಸನಾಳಕ್ಕೆ ಇಳಿಯಬಹುದು. ಅವನನ್ನು ಪಕ್ಕಕ್ಕೆ ಮಲಗಿಸಿ, ೧೦೮ಕ್ಕೆ ದೂರವಾಣಿ ಮಾಡಿ ವಾಹನವನ್ನು ಕರೆಸಬೇಕು. ಗ್ಲಿಬೆನ್‌ಕ್ಲಮೈಡ್, ಗ್ಲಿಮೆಪಿರೈಡ್ ಮೊದಲಾದ ಗುಳಿಗೆಗಳಿಂದಾದ ಇಳಿತವು ಒಮ್ಮೆ ಸರಿಹೋದಂತೆ ಕಂಡು ಕೆಲವು ಗಂಟೆಗಳ ಮೇಲೆ ಮರುಕಳಿಸಬಹುದು. ಮುಖ್ಯವಾಗಿ ವೃದ್ಧರನ್ನು ಒಂಟಿಯಾಗಿ ಬಿಡಬಾರದು.

ಏರಿಕೆಯ ನಡೆ ಬೇರೆ. ಇಳಿತವು ನಿಮಿಷಗಳಲ್ಲಿ ಬರುತ್ತದೆ. ಏರಿಕೆಯ ಅನಾಹುತವು ಗಂಟೆಗಳಲ್ಲಿಯೋ ದಿನಗಳಲ್ಲಿಯೋ ಬಲಿಯುತ್ತದೆ. ಸಕ್ಕರೆಯು ಸುಮಾರು ೧೮೦ನ್ನು ಮೀರಿದಾಗ ಮೂತ್ರಪಿಂಡಗಳು ಅದನ್ನು ತಡೆಯಲಾರದೆ ಹೊರಕ್ಕೆ ಬಿಡುತ್ತವೆ. ಸಕ್ಕರೆಯು ತನ್ನೊಡನೆ ನೀರನ್ನೂ ಸೆಳೆದುಕೊಂಡು ಹೋಗುತ್ತದೆ. ಆದುದರಿಂದಲೇ ಅತಿಮೂತ್ರ, ಅದರಿಂದ ಅತಿದಾಹ, ಬಾಯಿ ಒಣಗುವುದು, ಕಣ್ಣು ಮಂಜಾಗುವುದು, ಆಯಾಸ. ಇನ್ಸುಲಿನ್ ಇಲ್ಲದವರಲ್ಲಿ ಇದರ ಮೇಲೆ ಹೊಟ್ಟೆನೋವು, ವಾಂತಿ, ಆಳವಾದ ಉಸಿರುಗಳು ಸೇರಿದರೆ ಆಮ್ಲವು ಏರಿದೆಯೆಂದೇ ತಿಳಿದು ಆಸ್ಪತ್ರೆಗೆ ಧಾವಿಸಬೇಕು. ವಯಸ್ಸಾದ ಮಧುಮೇಹಿಗಳಲ್ಲಿ ಇನ್ನೊಂದು ಬಗೆಯುಂಟು. ಆಮ್ಲವು ಹೆಚ್ಚದೆ ಸಕ್ಕರೆಯು ಮಾತ್ರ ಏರುತ್ತಾ ಹೋಗಿ ೬೦೦ನ್ನು ದಾಟುತ್ತದೆ. ನೀರೆಲ್ಲ ಬತ್ತಿ ಮನುಷ್ಯನು ತೂಕಡಿಸುತ್ತಾನೆ. ಮನೆಯವರು ಮುಪ್ಪಿನ ಮಂಪರವೆಂದು ಸುಮ್ಮನಾಗುತ್ತಾರೆ. ಇವೆರಡರಲ್ಲಿಯೂ ಬೇಕಾದುದು ಆಸ್ಪತ್ರೆಯಲ್ಲಿ ನರದ ಮೂಲಕ ಕೊಡುವ ಲವಣಜಲ, ಪೊಟ್ಯಾಸಿಯಂ ಮತ್ತು ಎಣಿಸಿ ಕೊಡುವ ಇನ್ಸುಲಿನ್. ಮನೆಯಲ್ಲಿ ಒಂದೇ ಸಲಕ್ಕೆ ಹೆಚ್ಚು ಸೂಜಿ ಚುಚ್ಚಿ ಇಳಿಸಿಬಿಡುತ್ತೇವೆಂಬ ಸಾಹಸವು ಬೇಡ.

ಎದುರಿಗೆ ಮಂಕಾಗಿ ಕುಳಿತವನದು ಏರಿಕೆಯೋ ಇಳಿತವೋ ಎಂದು ತಿಳಿಯದಾಗ ಏನು ಮಾಡಬೇಕು? ಬೆರಳಿನ ಒಂದು ತೊಟ್ಟು ರಕ್ತದಿಂದ ಅಳೆಯುವ ಯಂತ್ರವು ಈಗ ಔಷಧದ ಅಂಗಡಿಗಳಲ್ಲಿ ದೊರೆಯುತ್ತದೆ. ಅಳೆದು ನೋಡುವುದೇ ಸರಿ. ಅದು ಕೈಯಲ್ಲಿಲ್ಲದೆ, ಮನುಷ್ಯನು ನುಂಗಬಲ್ಲವನಾಗಿದ್ದರೆ, ಇಳಿತವೆಂದೇ ಭಾವಿಸಿ ಸಕ್ಕರೆ ಕೊಡುವುದು ಕ್ಷೇಮ. ಏರಿಕೆಯಿದ್ದಲ್ಲಿ ಮೂರು ಚಮಚದಿಂದ ಆಗುವ ಕೇಡು ಅಲ್ಪ. ಇಳಿತವಿದ್ದಲ್ಲಿ ಆ ಮೂರು ಚಮಚವನ್ನು ಕೊಡದಿದ್ದರೆ ಆಗುವ ಕೇಡಿಗೆ ಪರಿಹಾರವಿಲ್ಲದೆ ಹೋಗಬಹುದು. ಇಳಿತವೆಂಬ ಸಂದೇಹವಿದ್ದಾಗ ಇನ್ಸುಲಿನ್ ಕೊಡುವುದಂತೂ ಕೊಲೆಗೆ ಸಮಾನ.

ನಮ್ಮ ಸೀಮೆಯ ವಾಡಿಕೆಗಳನ್ನು ಕುರಿತು ಎರಡು ಮಾತು. ರಾಗಿಯನ್ನುಂಡರೆ ಸಕ್ಕರೆ ಏರದೆಂಬ ನಂಬಿಕೆ ಚಿಂತಾಮಣಿಯಿಂದ ಗೌರಿಬಿದನೂರಿನವರೆಗೂ ಇದೆ. ರಾಗಿಯಲ್ಲಿ ನಾರೂ ಸುಣ್ಣದ ಅಂಶವೂ ಹೇರಳವಾಗಿವೆ, ಅದು ಒಳ್ಳೆಯ ಧಾನ್ಯವೇ ಸರಿ. ಆದರೆ ಅದರ ತೂಕದಲ್ಲಿ ಮೂರರಲ್ಲೆರಡು ಪಾಲು ಪಿಷ್ಟವೇ. ಒಂದು ಮುದ್ದೆಗೂ ಮೂರು ಮುದ್ದೆಗೂ ವ್ಯತ್ಯಾಸವುಂಟು. ಶಿವರಾತ್ರಿಯಲ್ಲಿ ಭೋಗನಂದೀಶ್ವರನ ಸನ್ನಿಧಿಯಲ್ಲಿ ಉಪವಾಸವಿದ್ದು ಜಾಗರಣೆ ಮಾಡುವವರೂ, ರಂಜಾನಿನಲ್ಲಿ ರೋಜಾ ಇಡುವವರೂ ಮಧುಮೇಹಿಗಳಾಗಿದ್ದಲ್ಲಿ ಔಷಧದ ಪ್ರಮಾಣವನ್ನು ವೈದ್ಯರೊಡನೆ ಮೊದಲೇ ನಿಶ್ಚಯಿಸಿಕೊಳ್ಳಬೇಕು. ಇಳಿತವಾದರೆ ಆ ಕ್ಷಣವೇ ಉಪವಾಸವನ್ನು ಬಿಡಬೇಕು. ತೆರೆಯದ ಇನ್ಸುಲಿನ್ನನ್ನು ೨ರಿಂದ ೮ ಡಿಗ್ರಿ ಸೆಂಟಿಗ್ರೇಡು ತಂಪಿನಲ್ಲಿಡಬೇಕು; ಬಳಸುತ್ತಿರುವ ಸೀಸೆಯು ಬಿಸಿಲು ತಾಗದ ಕಡೆ ಸಾಧಾರಣವಾಗಿ ನಾಲ್ಕು ವಾರ ಕೆಡುವುದಿಲ್ಲ. ತಂಪುಪೆಟ್ಟಿಗೆಯಿಲ್ಲದ ಮನೆಯಲ್ಲಿ ಒಂದು ಮಣ್ಣಿನ ಮಡಕೆಯೊಳಗೆ ಇನ್ನೊಂದನ್ನಿಟ್ಟು, ನಡುವೆ ಒದ್ದೆ ಮರಳನ್ನು ತುಂಬಿದರೆ, ಬೇಸಗೆಯ ಕಾವು ಸೀಸೆಗೆ ಅಷ್ಟಾಗಿ ತಟ್ಟುವುದಿಲ್ಲ. ಕಾವಿನಿಂದ ಕೆಟ್ಟ ಇನ್ಸುಲಿನ್ ನೋಡಲು ಮೊದಲಿನಂತೆಯೇ ಇದ್ದರೂ ಕೆಲಸ ಮಾಡದು. ಕಾರಣ ತಿಳಿಯದ ಏರಿಕೆಗೆ ಅನೇಕ ವೇಳೆ ಇದೇ ಮೂಲ.

೨೦೨೩ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ಸುಮಾರು ೧೦ ಕೋಟಿ ಜನರು ಮಧುಮೇಹಿಗಳು. ಆದುದರಿಂದ ಈ ವಿಚಾರವು ಯಾರ ಮನೆಗೂ ದೂರವಾದುದಲ್ಲ. ರೋಗಿಗೆ ಎಷ್ಟೇ ತಿಳಿದಿದ್ದರೂ ಇಳಿತದ ಹೊತ್ತಿನಲ್ಲಿ ಅವನ ತಿಳಿವಳಿಕೆಯೇ ಅವನಿಗೆ ಕೈಕೊಡುತ್ತದೆ. ಆಗ ಪಕ್ಕದಲ್ಲಿರುವವನಿಗೆ ತಿಳಿದಿರಬೇಕು. ಅದಕ್ಕಾಗಿಯೇ ಮಧುಮೇಹಿಗಳು ತಮ್ಮ ಕಾಯಿಲೆಯನ್ನು ಸಹೋದ್ಯೋಗಿಗಳಿಂದಲೂ ನೆರೆಯವರಿಂದಲೂ ಮುಚ್ಚಿಡಬಾರದು. ಮುಚ್ಚಿಡುವುದಕ್ಕೆ ಕಾರಣರು ಬಹುಮಟ್ಟಿಗೆ ನಾವೇ. ಮದುವೆಯ ಪಂಕ್ತಿಯಲ್ಲಿ ಹೋಳಿಗೆಯನ್ನು ಮುಟ್ಟಿದರೆ ಆಕ್ಷೇಪಿಸುವವರು ಹತ್ತು ಮಂದಿ. ಬೆವರಿ ಕುಳಿತಾಗ ಏಕೆಂದು ಕೇಳುವವರು ಒಬ್ಬರೂ ಇಲ್ಲ.

ನಮ್ಮ ಮಿತ್ರರು ಈಗಲೂ ನಂದಿಗೆ ಬರುತ್ತಾರೆ. ಹತ್ತುವುದಕ್ಕೆ ಮುಂಚೆ ಬೆರಳು ಚುಚ್ಚಿ ಅಳೆಯುತ್ತಾರೆ, ತಿಂಡಿಯನ್ನು ಕೆಳಗೇ ಮುಗಿಸುತ್ತಾರೆ. ಅಂತಹ ದಿನಕ್ಕೆ ಎಷ್ಟು ಇನ್ಸುಲಿನ್ ಎಂಬುದನ್ನು ವೈದ್ಯರಿಂದ ಕೇಳಿ ಬರೆದಿಟ್ಟುಕೊಂಡಿದ್ದಾರೆ. ಗ್ಲೂಕೋಸಿನ ಪೊಟ್ಟಣವೊಂದು ಅವರ ಜೇಬಿನಲ್ಲಿದೆ. ಇನ್ನೊಂದು ನಮ್ಮ ಜೇಬಿನಲ್ಲಿ. ಶಿಡ್ಲಘಟ್ಟದ ಹುಡುಗನು ಓದು ಮುಗಿಸಿ ಕೆಲಸದಲ್ಲಿದ್ದಾನೆ. ಮನೆಯಲ್ಲಿ ಯಾರಿಗಾದರೂ ಜ್ವರ ಬಂದರೆ ಈಗ ಅಜ್ಜಿಯು ಮೊದಲು ಕೇಳುವುದು ಮೊಮ್ಮಗನನ್ನಂತೆ: “ನೀನು ಸೂಜಿ ಹಾಕ್ಕೊಂಡ್ಯಾ?”